ನೆತ್ತರ ಕಣಕ್ಕೆ ನೂರಿಪ್ಪತ್ತು ದಿನ

"ರಕ್ತ ಕಡಿಮೆಯಾಗಿದೆ" ಎಂಬ ಮಾತು ಕೇಳದ ಮನೆ ನಮ್ಮಲ್ಲಿ ವಿರಳ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ದುಡಿಯುವ ಸಂಸಾರಗಳಲ್ಲಂತೂ ಅದು ನಿತ್ಯದ ಮಾತು. ಹೆಣ್ಣುಮಗಳ ಮುಖ ಬಿಳುಚಿಕೊಂಡರೆ, ನಾಲ್ಕು ಮೆಟ್ಟಿಲು ಹತ್ತುವುದರಲ್ಲಿ ಏದುಸಿರು ಬಂದರೆ, "ರಕ್ತ ಕಡಿಮೆ, ಟಾನಿಕ್ಕು ಕುಡಿಸಿರಿ" ಎಂದು ನೆರೆಮನೆಯವರೇ ತೀರ್ಪು ಕೊಡುತ್ತಾರೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರು. ಅಂದರೆ ಇದು ಯಾರದೋ ಮನೆಯ ಕಥೆಯಲ್ಲ.

ಈ ಲೇಖಕನು ವೈದ್ಯನಲ್ಲ. ಬ್ಯಾಂಕೊಂದರಲ್ಲಿ ಲೆಕ್ಕ ಬರೆಯುವವನು. ಆದರೆ ಲೆಕ್ಕ ಬರೆಯುವವನಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಖಾತೆಯಲ್ಲಿ ಶಿಲ್ಕು ಕಡಿಮೆಯಾಗಿದ್ದರೆ ಅದಕ್ಕೆ ಎರಡೇ ಕಾರಣ: ಜಮೆ ಕಡಿಮೆ, ಇಲ್ಲವೇ ಖರ್ಚು ಹೆಚ್ಚು. ಬರಿಯ ಶಿಲ್ಕನ್ನು ನೋಡಿ ಯಾವುದೆಂದು ಹೇಳಲಾಗದು. ರಕ್ತದ ಮಾತೂ ಹಾಗೆಯೇ. ಕೆಂಪು ಕಣಗಳು ಹುಟ್ಟುವುದು ಕಡಿಮೆಯಾಗಿದೆಯೋ, ಅಥವಾ ಹುಟ್ಟಿದವು ಬೇಗ ಸಾಯುತ್ತಿವೆಯೋ? ಇದನ್ನು ತಿಳಿಯಬೇಕಾದರೆ ಒಂದು ಕಣದ ಸಹಜ ಆಯುಷ್ಯ ಎಷ್ಟೆಂದು ಮೊದಲು ತಿಳಿದಿರಬೇಕು. ಹುಟ್ಟಿದ ದಿನಾಂಕವಿಲ್ಲದ, ಒಂದರಂತೆ ಒಂದಿರುವ, ಕಣ್ಣಿಗೆ ಕಾಣದ ಕಣದ ವಯಸ್ಸನ್ನು ಮನುಷ್ಯನು ಹೇಗೆ ಕಂಡುಕೊಂಡನೆಂಬುದೇ ಈ ಲೇಖನದ ವಿಷಯ.

ಹಳೆಯ ಊಹೆಗಳು

ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಅರಿವೆ ವ್ಯಾಪಾರಿ ಲೀವನ್‌ಹುಕ್ ತಾನೇ ಅರೆದು ಮಾಡಿದ ಗಾಜಿನ ಮಸೂರದಲ್ಲಿ ೧೬೭೪ರಲ್ಲಿ ಮನುಷ್ಯನ ಕೆಂಪು ಕಣಗಳನ್ನು ನೋಡಿ ವರ್ಣಿಸಿದನು. ಅವು ಎಲ್ಲಿ ಹುಟ್ಟುತ್ತವೆಂಬುದು ತಿಳಿಯಲು ಮತ್ತೆ ಸುಮಾರು ಇನ್ನೂರು ವರ್ಷ ಬೇಕಾಯಿತು. ೧೮೬೮ರಲ್ಲಿ ಜರ್ಮನಿಯ ನಾಯ್ಮನ್ ಮತ್ತು ಇಟಲಿಯ ಬಿತ್ಸೊಜೆರೊ ಎಂಬಿಬ್ಬರು ಬೇರೆಬೇರೆಯಾಗಿ ದುಡಿದು, ಮೂಳೆಯೊಳಗಿನ ಮಜ್ಜೆಯೇ ರಕ್ತದ ಕಾರ್ಖಾನೆ ಎಂದು ತೋರಿಸಿಕೊಟ್ಟರು. ಸವೆದುಹೋದ ಕಣಗಳು ಗುಲ್ಮ ಮತ್ತು ಯಕೃತ್ತುಗಳಲ್ಲಿ ಒಡೆಯುತ್ತವೆ, ಅವುಗಳ ಕೆಂಪು ದ್ರವ್ಯವೇ ಮಾರ್ಪಟ್ಟು ಪಿತ್ತದ ಹಳದಿಯಾಗುತ್ತದೆ ಎಂಬುದೂ ಕ್ರಮೇಣ ತಿಳಿಯಿತು. ಕಣಗಳು ಮಿತಿಮೀರಿ ಒಡೆದಾಗ ಕಣ್ಣು ಹಳದಿಯಾಗುವುದು ಈ ಕಾರಣದಿಂದಲೇ. ಹರಿದ ನೋಟುಗಳನ್ನು ಚಲಾವಣೆಯಿಂದ ಹಿಂದಕ್ಕೆ ತೆಗೆಯುವಂತೆ ಗುಲ್ಮವು ಹಳೆಯ ಕಣಗಳನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ನೋಟಿನಂತೆ ಚೂರು ಮಾಡಿ ಬಿಸಾಡದೆ, ಅವುಗಳಲ್ಲಿರುವ ಕಬ್ಬಿಣವನ್ನು ಜೋಪಾನವಾಗಿ ಮಜ್ಜೆಗೆ ಹಿಂದಿರುಗಿಸುತ್ತದೆ.

ಹುಟ್ಟೂ ತಿಳಿಯಿತು, ಸಾವೂ ತಿಳಿಯಿತು. ನಡುವಿನ ಬಾಳು ಎಷ್ಟು ದಿನದ್ದು? ಪಿತ್ತದ ಬಣ್ಣವನ್ನು ಅಳೆದು ದಿನದ ಖರ್ಚನ್ನು ಊಹಿಸಲು ಕೆಲವರು ಯತ್ನಿಸಿದರು. ಎರಡು ಮೂರು ವಾರವಿರಬಹುದೆಂದು ಹಲವರು ನಂಬಿದ್ದರು. ಆದರೆ ಒಂದು ಕಣವನ್ನು ಹಿಡಿದು, ಇದು ಇಂತಿಷ್ಟು ದಿನ ಬದುಕಿತೆಂದು ತೋರಿಸಿದವರು ಯಾರೂ ಇರಲಿಲ್ಲ. ತೋರಿಸುವುದಾದರೂ ಹೇಗೆ? ಕಣಕ್ಕೆ ಗುರುತು ಹಚ್ಚದ ಹೊರತು ಅದು ಗುಂಪಿನಲ್ಲಿ ಬೆರೆತು ಮಾಯವಾಗುತ್ತದೆ.

ಆಶ್ಬಿಯವರ ಎಣಿಕೆ

ಆ ಗುರುತನ್ನು ಪ್ರಕೃತಿಯೇ ಹಚ್ಚಿಟ್ಟಿದೆ ಎಂದು ಕಂಡುಕೊಂಡವರು ಒಬ್ಬ ಹೆಣ್ಣುಮಗಳು. ವಿಯನ್ನಾದ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ರಕ್ತದ ಗುಂಪುಗಳನ್ನು ಸ್ಪಷ್ಟವಾಗಿ ವಿಂಗಡಿಸಿದ್ದರು. ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಡುವುದು ಆಸ್ಪತ್ರೆಗಳಲ್ಲಿ ರೂಢಿಗೆ ಬರುತ್ತಿತ್ತು. ಅಮೇರಿಕೆಯ ಮೇಯೋ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ, ಲಂಡನ್ನಿನಲ್ಲಿ ಹುಟ್ಟಿದ ವಿನಿಫ್ರೆಡ್ ಆಶ್ಬಿಯವರು ಹೀಗೆ ಆಲೋಚಿಸಿದರು: ಏ ಗುಂಪಿನ ರೋಗಿಗೆ ಓ ಗುಂಪಿನ ರಕ್ತವನ್ನು ಕೊಟ್ಟರೆ ಅವನ ಮೈಯಲ್ಲಿ ಎರಡು ಬಗೆಯ ಕಣಗಳು ಕೂಡಿ ಹರಿಯುತ್ತವೆ. ಆಗಾಗ ಒಂದು ಹನಿ ತೆಗೆದು, ಏ ಕಣಗಳನ್ನು ಗಂಟುಕಟ್ಟಿಸುವ ರಕ್ತರಸವನ್ನು ಅದಕ್ಕೆ ಬೆರೆಸಿದರೆ ರೋಗಿಯ ಸ್ವಂತ ಕಣಗಳು ಮುದ್ದೆಯಾಗುತ್ತವೆ. ದಾನಿಯ ಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಉಳಿದವನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದರಾಯಿತು.

ಮಾತು ಸುಲಭ, ಕೆಲಸ ಕಠಿಣ. ವಾರಗಟ್ಟಲೆ, ತಿಂಗಳುಗಟ್ಟಲೆ ಚೌಕಗಳ ಗಾಜಿನ ಮೇಲೆ ಚುಕ್ಕೆಗಳನ್ನು ಎಣಿಸುವ ತಾಳ್ಮೆ ಎಲ್ಲರಿಗೂ ಬರುವುದಲ್ಲ. ದಾನಿಯ ಕಣಗಳು ಮೂವತ್ತು ದಿನ ಮತ್ತು ಅದಕ್ಕೂ ಮೀರಿ ಬದುಕುತ್ತವೆಂದು ಆಶ್ಬಿಯವರು ೧೯೧೯ರಲ್ಲಿ ಪ್ರಕಟಿಸಿದರು. ಮುಂದೆ ಇನ್ನೂ ದೀರ್ಘಕಾಲ ಎಣಿಸಿದಾಗ ಆ ಅವಧಿ ನೂರು ದಿನದವರೆಗೂ ಹೋಯಿತು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸುತ್ತಿದ್ದ ಕಾಲವದು. ಆಶ್ಬಿಯವರ ಮಾತನ್ನು ಅವರ ಕಾಲದ ಪಂಡಿತರು ಕೂಡಲೆ ಒಪ್ಪಲಿಲ್ಲ. ಪರರ ಮೈಯಲ್ಲಿ ಪರಕೀಯ ಕಣ ಅಷ್ಟು ದಿನ ಬದುಕುವುದುಂಟೇ ಎಂದು ಸಂಶಯಪಟ್ಟರು. ಆ ಸಂಶಯ ಪೂರ್ತಿಯಾಗಿ ಹರಿಯಲು ಎರಡನೆಯ ಮಹಾಯುದ್ಧವೇ ಬರಬೇಕಾಯಿತು.

ನಾಣ್ಯದ ದೋಷವೋ, ಖಜಾಂಚಿಯ ದೋಷವೋ

ಯುದ್ಧದಲ್ಲಿ ಗಾಯಾಳುಗಳಿಗೆ ಸೀಸೆಗಟ್ಟಲೆ ರಕ್ತ ಬೇಕಾಯಿತು. ಸಂಗ್ರಹಿಸಿಟ್ಟ ರಕ್ತ ಎಷ್ಟು ದಿನ ಕೆಲಸಕ್ಕೆ ಬರುತ್ತದೆ? ಸೀಸೆಯಲ್ಲಿ ಕೆಂಪಗೆ ಕಂಡರೆ ಸಾಲದು. ರೋಗಿಯ ಮೈ ಸೇರಿದ ಮೇಲೆ ಕಣಗಳು ಬದುಕಬೇಕು. ಇದನ್ನು ಪರೀಕ್ಷಿಸಲು ಇಂಗ್ಲೆಂಡಿನ ವೈದ್ಯರು ಆಶ್ಬಿಯವರ ಎಣಿಕೆಯನ್ನೇ ಕೈಗೆತ್ತಿಕೊಂಡರು. ಲೌಟಿಟ್ ಮತ್ತು ಮಾಲಿಸನ್ ಎಂಬವರು ೧೯೪೩ರಲ್ಲಿ ಸಿಟ್ರಿಕ್ ಆಮ್ಲ, ಸಿಟ್ರೇಟು ಮತ್ತು ಗ್ಲೂಕೋಸು ಬೆರೆಸಿದ ದ್ರಾವಣವನ್ನು ಪ್ರಕಟಿಸಿದರು. ಅದರಿಂದ ರಕ್ತವನ್ನು ಮೂರು ವಾರ ಕಾಪಾಡುವುದು ಸಾಧ್ಯವಾಯಿತು.

ಅದೇ ವರ್ಷ ಡೇಸಿ ಮತ್ತು ಮಾಲಿಸನ್ ಇನ್ನೊಂದು ಪ್ರಶ್ನೆಯನ್ನು ಬಿಡಿಸಿದರು. ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ರಕ್ತಹೀನತೆಯುಂಟು. ಅದರಲ್ಲಿ ಬಿಲ್ಲೆಯಂತಿರಬೇಕಾದ ಕಣಗಳು ಗುಂಡಗಾಗುತ್ತವೆ, ಕಣ್ಣು ಹಳದಿಯಾಗುತ್ತದೆ, ಗುಲ್ಮ ಬೆಳೆಯುತ್ತದೆ. ಇಲ್ಲಿ ತಪ್ಪು ಯಾರದು? ನಾಣ್ಯವೇ ಸವಕಲೋ, ಅಥವಾ ಒಳ್ಳೆಯ ನಾಣ್ಯವನ್ನೂ ತಿರಸ್ಕರಿಸುವ ಖಜಾಂಚಿ ಕಟುವೋ? ಅವರು ಆರೋಗ್ಯವಂತರ ಕಣಗಳನ್ನು ಈ ರೋಗಿಗಳಿಗೆ ಕೊಟ್ಟು ಎಣಿಸಿದರು. ಕಣಗಳು ಸಹಜವಾಗಿಯೇ ಬದುಕಿದವು. ಮುಂದೆ ಲೌಟಿಟ್ ಮತ್ತು ಮಾಲಿಸನ್ ರೋಗಿಯ ಕಣಗಳನ್ನು ಆರೋಗ್ಯವಂತರಿಗೆ ಕೊಟ್ಟಾಗ ಅವು ಬೇಗನೆ ನಾಶವಾದವು. ತೀರ್ಪು ಸ್ಪಷ್ಟ: ದೋಷ ನಾಣ್ಯದಲ್ಲಿಯೇ. ಬೇರೆ ಕೆಲವು ರೋಗಗಳಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಕೊಟ್ಟ ಒಳ್ಳೆಯ ಕಣಗಳೂ ಸಾಯುತ್ತವೆ, ಏಕೆಂದರೆ ರೋಗಿಯ ಮೈಯೇ ಕಣಗಳ ಮೇಲೆ ಹಗೆ ಸಾಧಿಸುತ್ತಿರುತ್ತದೆ. ಎರಡಕ್ಕೂ ಔಷಧೋಪಚಾರ ಬೇರೆ. ಹೊರಗಿನಿಂದ ನೋಡಿದರೆ ಇಬ್ಬರು ರೋಗಿಗಳೂ ಬಿಳುಚಿದವರೇ. ಇಬ್ಬರಿಗೂ ನಾವು ಹೇಳುವುದು "ರಕ್ತ ಕಡಿಮೆ" ಎಂಬ ಒಂದೇ ಮಾತು.

ಇಲ್ಲಿ ನಮ್ಮ ನೆರೆಯ ಮುಂಬಯಿಯ ಹೆಸರನ್ನೂ ನೆನೆಯಬೇಕು. ಓ ಗುಂಪಿನ ರಕ್ತವನ್ನು ಯಾರಿಗೆ ಬೇಕಾದರೂ ಕೊಡಬಹುದೆಂಬ ನಂಬಿಕೆಯ ಮೇಲೆ ಆಶ್ಬಿಯವರ ಪದ್ಧತಿ ನಿಂತಿತ್ತು. ಓ ಗುಂಪಿನ ಕಣಗಳನ್ನೂ ಸಹಿಸದ ಅಪರೂಪದ ಜನರಿದ್ದಾರೆಂದು ೧೯೫೨ರಲ್ಲಿ ಡಾಕ್ಟರ್ ವೈ. ಎಂ. ಭೇಂಡೆಯವರೂ ಅವರ ಸಂಗಡಿಗರೂ ತೋರಿಸಿದರು. ಆ ಗುಂಪಿಗೆ 'ಬಾಂಬೆ ರಕ್ತಗುಂಪು' ಎಂದೇ ಲೋಕದಲ್ಲಿ ಹೆಸರಾಯಿತು. ಅಂಥವರ ಮೈಯಲ್ಲಿ ಓ ಕಣಗಳ ಆಯುಷ್ಯ ತಿಂಗಳುಗಳದಲ್ಲ, ಗಳಿಗೆಗಳದು. ರಕ್ತ ಕೊಡುವ ಮುನ್ನ ಗುಂಪಿನ ಹೆಸರು ನೋಡಿ ತೃಪ್ತರಾಗದೆ, ದಾನಿಯ ಮತ್ತು ರೋಗಿಯ ರಕ್ತವನ್ನು ಬೆರೆಸಿ ಪರೀಕ್ಷಿಸುವುದು ಏಕೆ ಅವಶ್ಯವೆಂಬುದು ಇದರಿಂದ ತಿಳಿದೀತು.

ತನ್ನ ಮೈಯೇ ಪ್ರಯೋಗಶಾಲೆ

ಆಶ್ಬಿಯವರ ಪದ್ಧತಿಯಲ್ಲಿ ಒಂದು ಕೊರತೆಯಿತ್ತು. ಅದರಿಂದ ಪರರ ಮೈಗೆ ಹೋದ ಕಣದ ಆಯುಷ್ಯ ತಿಳಿಯುತ್ತಿತ್ತೇ ಹೊರತು, ತನ್ನ ಮೈಯಲ್ಲಿಯೇ ಹುಟ್ಟಿ ಸಾಯುವ ಕಣದ್ದಲ್ಲ. ಈ ಕೊರತೆಯನ್ನು ತುಂಬಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಶೆಮಿನ್ ಮತ್ತು ಡೇವಿಡ್ ರಿಟ್ಟನ್‌ಬರ್ಗ್. ಸಾರಜನಕದಲ್ಲಿ ಸಾಧಾರಣವಾದದ್ದಕ್ಕಿಂತ ತುಸು ತೂಕವಾದ ಒಂದು ಬಗೆಯುಂಟು. ಅದು ವಿಕಿರಣ ಸೂಸುವುದಿಲ್ಲ, ಮೈಗೆ ಕೇಡಿಲ್ಲ. ಆದರೆ ಯಂತ್ರದಲ್ಲಿ ತೂಗಿದರೆ ಬೇರೆಯಾಗಿ ಕಾಣುತ್ತದೆ. ಈ ಸಾರಜನಕವನ್ನು ಸೇರಿಸಿದ ಗ್ಲೈಸಿನ್ ಎಂಬ ದ್ರವ್ಯವನ್ನು ಶೆಮಿನ್‌ರವರು ಮೂರು ದಿನಗಳಲ್ಲಿ ೬೬ ಗ್ರಾಮಿನಷ್ಟು ಸೇವಿಸಿದರು. ಪ್ರಯೋಗಕ್ಕೆ ಬೇರೊಬ್ಬನನ್ನು ಹುಡುಕದೆ ತಮ್ಮನ್ನೇ ಒಡ್ಡಿಕೊಂಡರು. ಅನಂತರ ತಿಂಗಳುಗಟ್ಟಲೆ ತಮ್ಮ ರಕ್ತವನ್ನು ತಾವೇ ತೆಗೆಸಿ, ಅದರ ಕೆಂಪು ದ್ರವ್ಯದಲ್ಲಿ ಆ ಗುರುತು ಎಷ್ಟಿದೆಯೆಂದು ಅಳೆಯುತ್ತ ಹೋದರು.

ಮೈಯ ಇತರ ದ್ರವ್ಯಗಳಲ್ಲಿ ಇಂಥ ಗುರುತು ಏರಿ, ಕೂಡಲೆ ಇಳಿಯತೊಡಗುವುದು ವಾಡಿಕೆ. ರಕ್ತದ ಕೆಂಪಿನಲ್ಲಿ ಹಾಗಾಗಲಿಲ್ಲ. ಮೊದಲ ವಾರಗಳಲ್ಲಿ ಏರಿದ ಗುರುತು ಇಳಿಯದೆ ನಿಂತೇ ಇತ್ತು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಹಾಗೆಯೇ ಇದ್ದು, ಆಮೇಲೆ ಕಡಿದಾಗಿ ಇಳಿಯಿತು. ಅವರು ೧೯೪೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಕಣದ ಸರಾಸರಿ ಆಯುಷ್ಯ ೧೨೭ ದಿನ. ಇಂದು ಪುಸ್ತಕಗಳಲ್ಲಿ ಸುಮಾರಾಗಿ ೧೨೦ ದಿನವೆಂದು ಬರೆಯುತ್ತಾರೆ.

ಈ ಎರಡು ಪ್ರಯೋಗಗಳಿಗಿರುವ ಭೇದವನ್ನು ನಮ್ಮ ಕಣ್ಣಮುಂದಿನ ದೃಷ್ಟಾಂತದಿಂದ ತಿಳಿಯಬಹುದು. ತುಕಾರಾಮ ಮಹಾರಾಜರ ಪಾಲಖಿ ದೇಹುವಿನಿಂದ ಹೊರಟು ನಮ್ಮ ಬಾರಾಮತಿಯ ಮೇಲೆಯೇ ಪಂಢರಪುರಕ್ಕೆ ಹೋಗುವುದನ್ನು ನಾವೆಲ್ಲ ವರ್ಷವರ್ಷವೂ ಕಾಣುತ್ತೇವೆ. ದೇಹುವಿನಿಂದ ದಿನಕ್ಕೊಂದು ದಿಂಡಿ ತಪ್ಪದೆ ಹೊರಡುತ್ತದೆಂದೂ, ಪ್ರತಿಯೊಂದು ದಿಂಡಿಯೂ ಹನ್ನೆರಡು ದಿನ ನಡೆದು ಪಂಢರಪುರ ಸೇರುತ್ತದೆಂದೂ ಕಲ್ಪಿಸಿಕೊಳ್ಳೋಣ. ಯಾವುದೋ ಒಂದು ದಿನ ದಾರಿಯುದ್ದಕ್ಕೂ ಇರುವ ಹನ್ನೆರಡು ದಿಂಡಿಗಳವರಿಗೂ ಹಣೆಗೆ ಗಂಧ ಹಚ್ಚಿದರೆ, ಮರುದಿನ ಹನ್ನೆರಡರಲ್ಲಿ ಒಂದು ಪಾಲು ಪಂಢರಪುರ ಸೇರುತ್ತದೆ. ಅದರ ಮರುದಿನ ಇನ್ನೊಂದು ಪಾಲು. ಗಂಧದ ಹಣೆಗಳು ದಿನಕ್ಕೆ ಸಮಸಮನಾಗಿ ಕಡಿಮೆಯಾಗುತ್ತ ಹನ್ನೆರಡನೆಯ ದಿನ ತೀರುತ್ತವೆ. ಎಲ್ಲ ವಯಸ್ಸಿನ ಕಣಗಳೂ ಬೆರೆತಿರುವ ದಾನಿಯ ರಕ್ತವನ್ನು ಎಣಿಸಿದ ಆಶ್ಬಿಯವರ ಲೆಕ್ಕ ಈ ಬಗೆಯದು. ಶೆಮಿನ್‌ರವರದು ದೇಹುವಿನ ಬಾಗಿಲಲ್ಲಿ ನಿಂತು, ಒಂದು ದಿನ ಹೊರಟ ದಿಂಡಿಗೆ ಮಾತ್ರ ಗಂಧ ಹಚ್ಚಿದಂತೆ. ಹನ್ನೊಂದು ದಿನ ದಾರಿಯಲ್ಲಿ ಒಂದು ಹಣೆಯೂ ಕಡಿಮೆಯಾಗದು. ಹನ್ನೆರಡನೆಯ ದಿನ ಎಲ್ಲವೂ ಒಟ್ಟಿಗೆ ಮರೆಯಾಗುತ್ತವೆ. ಇದರಿಂದ ತಿಳಿದ ದೊಡ್ಡ ಸಂಗತಿಯೆಂದರೆ, ಆರೋಗ್ಯವಂತನ ಮೈಯಲ್ಲಿ ಕಣಗಳು ಎಳೆಯದು ಮುದಿಯದು ಎನ್ನದೆ ಸಾಯುವುದಿಲ್ಲ. ಬಹುಮಟ್ಟಿಗೆ ಮುಪ್ಪಾಗಿಯೇ ಸಾಯುತ್ತವೆ.

ರೋಗದಲ್ಲಿ ಈ ನ್ಯಾಯ ತಪ್ಪುತ್ತದೆ. ೧೯೪೯ರಲ್ಲಿ ಇರ್ವಿಂಗ್ ಲಂಡನ್ ಎಂಬವರು ಶೆಮಿನ್ ಮತ್ತು ರಿಟ್ಟನ್‌ಬರ್ಗರೊಡನೆ ಸೇರಿ ರೋಗಿಗಳಲ್ಲಿ ಇದೇ ಪ್ರಯೋಗ ಮಾಡಿದರು. ರಕ್ತ ವಿಪರೀತ ಹೆಚ್ಚುವ ರೋಗದಲ್ಲಿ ಕಣಗಳ ಆಯುಷ್ಯ ಸಹಜವಾಗಿಯೇ ಇತ್ತು. ಅಲ್ಲಿ ಜಮೆಯೇ ಮಿತಿಮೀರಿತ್ತು. ಕುಡಗೋಲು ಕಣದ ರೋಗದಲ್ಲಾದರೋ ಕಣಗಳು ವಯಸ್ಸಿನ ಪರಿವೆಯಿಲ್ಲದೆ, ದಾರಿಯಲ್ಲಿ ದರೋಡೆಗೆ ಸಿಕ್ಕವರಂತೆ, ಎಲ್ಲೆಂದರಲ್ಲಿ ಸಾಯುತ್ತಿದ್ದವು.

ಕಣಕ್ಕೆ ಹಚ್ಚಿದ ಬಣ್ಣ

ತಿಂಗಳುಗಟ್ಟಲೆ ನಡೆಯುವ ಇಂಥ ಪ್ರಯೋಗ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಸಾಧ್ಯವಿಲ್ಲ. ೧೯೫೦ರಲ್ಲಿ ಗ್ರೇ ಮತ್ತು ಸ್ಟರ್ಲಿಂಗ್ ಎಂಬ ಅಮೇರಿಕೆಯ ಶಾಸ್ತ್ರಜ್ಞರು ಸುಲಭದ ದಾರಿ ತೋರಿಸಿದರು. ರೋಗಿಯ ರಕ್ತವನ್ನು ತುಸು ತೆಗೆದು, ವಿಕಿರಣಶೀಲ ಕ್ರೋಮಿಯಂ ಬೆರೆಸಿ ಮತ್ತೆ ಅವನಿಗೇ ಚುಚ್ಚುವುದು. ಅನಂತರ ಆಗಾಗ ಒಂದಿಷ್ಟು ರಕ್ತ ತೆಗೆದು ಅದರಲ್ಲಿ ಉಳಿದ ವಿಕಿರಣವನ್ನು ಯಂತ್ರದಿಂದ ಎಣಿಸುವುದು. ಕ್ರೋಮಿಯಂ ೫೧ ಎಂಬ ಈ ಬಗೆಯು ೨೭ ದಿನ ಚಿಲ್ಲರೆಯಲ್ಲಿ ತಾನೇ ಅರ್ಧವಾಗುತ್ತದೆ. ಮೇಲಾಗಿ ದಿನಕ್ಕೆ ನೂರಕ್ಕೆ ಒಂದರಷ್ಟು ಕಣದಿಂದ ಜಾರಿಹೋಗುತ್ತದೆ. ಇವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಬೇಕು. ಇದರಲ್ಲಿ ಇನ್ನೊಂದು ಅನುಕೂಲವುಂಟು. ಎಣಿಸುವ ಯಂತ್ರವನ್ನು ಗುಲ್ಮದ ಮೇಲೂ ಯಕೃತ್ತಿನ ಮೇಲೂ ಹಿಡಿದರೆ ಕಣಗಳು ಎಲ್ಲಿ ಸಾಯುತ್ತಿವೆಯೆಂದು ಗೊತ್ತಾಗುತ್ತದೆ. ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ತೆಗೆದರೆ ರೋಗಿಗೆ ಗುಣವಾದೀತೇ ಎಂಬ ಪ್ರಶ್ನೆಗೆ ವೈದ್ಯರು ಎಷ್ಟೋ ವರ್ಷ ಹೀಗೆಯೇ ಉತ್ತರ ಹುಡುಕಿದರು.

ಮಲೇರಿಯಾದ ಔಷಧವಾದ ಪ್ರಿಮಾಕ್ವಿನ್‌ನಿಂದ ಕೆಲವರಿಗೆ ಮಾತ್ರ ಮೂತ್ರ ಕಪ್ಪಾಗಿ ರಕ್ತ ಒಡೆಯುವುದೇಕೆಂಬ ರಹಸ್ಯವೂ ಕ್ರೋಮಿಯಂನಿಂದಲೇ ಹೊರಬಿತ್ತು. ಅಂಥವರ ಕಣಗಳಿಗೆ ಗುರುತು ಹಚ್ಚಿ ಇತರರ ಮೈಗೆ ಸೇರಿಸಿ, ಅವರಿಗೆ ಔಷಧ ಕೊಟ್ಟಾಗ ಆ ಕಣಗಳು ಮಾತ್ರ ಒಡೆದವು. ದೋಷ ಮತ್ತೆ ನಾಣ್ಯದಲ್ಲಿ! ಆ ಕಣಗಳಲ್ಲಿ ಜಿ-೬-ಪಿ-ಡಿ ಎಂಬ ಒಂದು ಕಿಣ್ವದ ಕೊರತೆಯಿದೆಯೆಂದು ೧೯೫೬ರಲ್ಲಿ ತಿಳಿಯಿತು. ಮುಂಬಯಿಯ ಪಾರ್ಸಿ ಸಮಾಜದಲ್ಲಿ ಈ ಕೊರತೆಯಿರುವುದನ್ನು ೧೯೬೩ರಲ್ಲಿ ಸಂಶೋಧಕರು ಪ್ರಕಟಿಸಿದರು. ಆದರೆ ಒಂದು ಮಾತನ್ನು ಮರೆಮಾಚಬಾರದು. ಈ ಪ್ರಯೋಗಗಳು ನಡೆದದ್ದು ಅಮೇರಿಕೆಯ ಇಲಿನಾಯ್ ಪ್ರಾಂತದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ. ಶೆಮಿನ್‌ರವರು ತಮ್ಮ ಮೈಯನ್ನು ತಾವೇ ಒಡ್ಡಿದ್ದಕ್ಕೂ, ಬಂದಿಯಾದವನು "ಆಗಲಿ" ಎಂದದ್ದಕ್ಕೂ ಅಂತರವಿದೆ. ಇಂದು ಅಂಥ ಪ್ರಯೋಗವನ್ನು ಲೋಕ ಒಪ್ಪುವುದಿಲ್ಲ. ನಮಗೆ ದೊರೆತ ಜ್ಞಾನಕ್ಕೆ ಯಾರು ಬೆಲೆ ತೆತ್ತರೆಂಬುದು ಇತಿಹಾಸದಲ್ಲಿ ದಾಖಲಾಗಿರಬೇಕು.

ನೀಲಗಿರಿಯ ಮಾತು

ಈ ಕಥೆಯೆಲ್ಲ ಪರದೇಶಗಳದೆಂದು ವಾಚಕರು ತಿಳಿಯಬಾರದು. ಕುಡಗೋಲು ಕಣದ ರೋಗವನ್ನು ೧೯೧೦ರಲ್ಲಿ ಶಿಕಾಗೋದ ಹೆರಿಕ್ ಎಂಬ ವೈದ್ಯರು ಮೊದಲು ವರ್ಣಿಸಿದಾಗಿನಿಂದ, ಅದು ಆಫ್ರಿಕದ ಮೂಲದವರಿಗೆ ಮಾತ್ರ ಬರುವುದೆಂದು ಬಹುಕಾಲ ನಂಬಿದ್ದರು. ಆಮ್ಲಜನಕ ಕಡಿಮೆಯಾದೊಡನೆ ಈ ಕಣಗಳು ಕುಡಗೋಲಿನಂತೆ ಬಾಗಿ, ಬಿರುಸಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೈಕಾಲು ಬೆನ್ನುಗಳಲ್ಲಿ ತಡೆಯಲಾಗದ ನೋವು ಬರುತ್ತದೆ. ನೂರಿಪ್ಪತ್ತು ದಿನ ಬದುಕಬೇಕಾದ ಕಣ ಹತ್ತರಿಂದ ಇಪ್ಪತ್ತು ದಿನಗಳಲ್ಲಿ ಸಾಯುತ್ತದೆ. ಮಜ್ಜೆ ಹಗಲಿರುಳು ದುಡಿದರೂ ಖರ್ಚಿಗೆ ಸಮನಾಗಿ ಜಮೆ ಮಾಡಲಾರದು.

೧೯೫೨ರಲ್ಲಿ ಲೆಹ್ಮನ್ ಮತ್ತು ಮೇರಿ ಕಟ್‌ಬುಷ್ ಎಂಬವರು, ದಕ್ಷಿಣ ಭಾರತದಲ್ಲಿ ನೀಲಗಿರಿಯ ಬೆಟ್ಟಗಳ ಬುಡಕಟ್ಟಿನವರಲ್ಲಿಯೂ ಈ ಗುಣವಿದೆಯೆಂದು ಪ್ರಕಟಿಸಿದರು. ನೀಲಗಿರಿಯೆಂದರೆ ಕನ್ನಡಿಗರಿಗೆ ಹೊರಗಿನ ನಾಡಲ್ಲ. ಅಲ್ಲಿನ ಬಡಗರ ಮಾತು ಕನ್ನಡದ ಒಡಹುಟ್ಟು. ಅಲ್ಲಿನ ಕುರುಂಬರು, ಇರುಳರ ನೆಂಟರು ನಮ್ಮ ಮೈಸೂರು ಸೀಮೆಯ ಕಾಡುಗಳಲ್ಲಿಯೂ ಇದ್ದಾರೆ. ಅದೇ ೧೯೫೨ರಲ್ಲಿ ಅಸ್ಸಾಮಿನ ಚಹಾ ತೋಟಗಳ ಕೂಲಿಗಳಲ್ಲಿ ಈ ರೋಗವನ್ನು ಡನ್‌ಲಪ್ ಮತ್ತು ಮಜುಂದಾರ್ ಗುರುತಿಸಿದರು. ಆ ಕೂಲಿಗಳು ಬೇರೆ ಪ್ರಾಂತಗಳಿಂದ ದುಡಿಮೆಗಾಗಿ ವಲಸೆ ಹೋದವರ ಸಂತತಿ. ಊರು ಬಿಟ್ಟು ಹೋಗುವವನು ತನ್ನ ಮಾತು, ಅಡಿಗೆ, ದೇವರನ್ನು ಮಾತ್ರವಲ್ಲ, ತನ್ನ ರಕ್ತದ ಗುಣವನ್ನೂ ಜೊತೆಗೆ ಒಯ್ಯುತ್ತಾನೆ. ಹೋದ ಊರಿನ ವೈದ್ಯನಿಗೆ ಅದು ತಿಳಿದಿರಬೇಕಾದದ್ದಿಲ್ಲ.

ಇಂಥ ಕೆಡುಕಿನ ಗುಣ ಜನಾಂಗದಿಂದ ಅಳಿಸಿಹೋಗದೆ ಉಳಿದುದೇಕೆ? ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದವನು ರೋಗಿಯಾಗುವುದಿಲ್ಲ. ಬದಲಿಗೆ ಕಡುಮಲೇರಿಯಾದಿಂದ ಅವನಿಗೆ ರಕ್ಷಣೆ ದೊರೆಯುತ್ತದೆ ಎಂದು ಆಂಥನಿ ಅಲಿಸನ್ ೧೯೫೪ರಲ್ಲಿ ಪೂರ್ವ ಆಫ್ರಿಕದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ಕಾಡಿದ ಕಣಿವೆಗಳಲ್ಲಿ ಅದೊಂದು ವಿಮೆಯಿದ್ದಂತೆ. ಆದರೆ ಇಬ್ಬರಿಂದಲೂ ಬಂದ ಮಗುವಿಗೆ ರೋಗ ತಪ್ಪದು. ಗುಣ ಹೊತ್ತ ಇಬ್ಬರು ಮದುವೆಯಾದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಈ ಭಯವಿದೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್‌ರವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಲ್ಲಿ ಈ ರೋಗವನ್ನು ಗುರುತಿಸಿ ಉಪಚರಿಸುವ ಕೆಲಸವನ್ನು ಮಾಡಿದೆ. ಕೇಂದ್ರ ಸರಕಾರವು ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ರಾಷ್ಟ್ರೀಯ ಯೋಜನೆಯಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿವೆ. ೨೦೪೭ರೊಳಗೆ ಈ ರೋಗವನ್ನು ತೊಲಗಿಸುವುದು ಅದರ ಗುರಿ. ಹೈಡ್ರಾಕ್ಸಿಯೂರಿಯಾ ಎಂಬ ಔಷಧದಿಂದ ಕಣಗಳು ಬಾಗುವುದು ಕಡಿಮೆಯಾಗಿ ಅವು ಹೆಚ್ಚು ದಿನ ಬದುಕುತ್ತವೆ. ಹತ್ತು ದಿನದ ಬಾಳನ್ನು ಕೆಲವೇ ದಿನ ಬೆಳೆಸಿದರೂ ಒಂದು ಮಗುವಿನ ನೋವು ಎಷ್ಟೋ ತಗ್ಗುತ್ತದೆ.

ನಮ್ಮ ಮನೆಯ ಲೆಕ್ಕ

ಇನ್ನು ಇಷ್ಟು ಇತಿಹಾಸದಿಂದ ನಮಗೇನು ಪ್ರಯೋಜನವೆಂದು ನೋಡೋಣ.

ಮೊದಲು ಲೆಕ್ಕದ ದೊಡ್ಡಸ್ತಿಕೆಯನ್ನೇ ಗಮನಿಸಿರಿ. ವಯಸ್ಕನ ಮೈಯಲ್ಲಿ ಸುಮಾರು ೨೫ ಲಕ್ಷ ಕೋಟಿ ಕೆಂಪು ಕಣಗಳಿವೆ. ಅದನ್ನು ೧೨೦ರಿಂದ ಭಾಗಿಸಿದರೆ ದಿನಕ್ಕೆ ೨೦ ಸಾವಿರ ಕೋಟಿಗೂ ಹೆಚ್ಚು. ಅಂದರೆ ಒಂದೊಂದು ಸೆಕೆಂಡಿಗೂ ಇಪ್ಪತ್ತು ಲಕ್ಷಕ್ಕೂ ಮೀರಿ ಕಣಗಳು ಸಾಯುತ್ತವೆ, ಅಷ್ಟೇ ಹುಟ್ಟುತ್ತವೆ. ನೂರಿಪ್ಪತ್ತರಲ್ಲಿ ಒಂದು ಭಾಗವೆಂದರೆ ನೂರಕ್ಕೆ ಸುಮಾರು ಒಂದು. ಆಗತಾನೆ ಮಜ್ಜೆಯಿಂದ ಹೊರಬಂದ ಎಳೆಯ ಕಣಗಳನ್ನು ಬಣ್ಣ ಹಚ್ಚಿ ಎಣಿಸುವ ಒಂದು ಅಗ್ಗದ ಪರೀಕ್ಷೆ ಸಾಮಾನ್ಯ ಪ್ರಯೋಗಾಲಯಗಳಲ್ಲಿಯೂ ಉಂಟು. ಅದಕ್ಕೆ ರೆಟಿಕ್ಯುಲೋಸೈಟ್ ಎಣಿಕೆಯೆನ್ನುತ್ತಾರೆ. ಆರೋಗ್ಯವಂತರಲ್ಲಿ ಅದೂ ನೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ರಕ್ತ ಕಡಿಮೆಯಿದ್ದೂ ಈ ಎಣಿಕೆ ಬಹಳ ಹೆಚ್ಚಿದ್ದರೆ ಕಾರ್ಖಾನೆ ದುಡಿಯುತ್ತಿದೆ, ರಕ್ತ ಎಲ್ಲಿಯೋ ಸೋರುತ್ತಿದೆ ಅಥವಾ ಒಡೆಯುತ್ತಿದೆ ಎಂದು ಸೂಚನೆ. ಕಡಿಮೆಯಿದ್ದರೆ ಕಾರ್ಖಾನೆಗೆ ಸಾಮಗ್ರಿಯಿಲ್ಲವೆಂದೋ, ಕಾರ್ಖಾನೆಯೇ ಕೆಟ್ಟಿದೆಯೆಂದೋ ಶಂಕಿಸಬೇಕು. ಕ್ರೋಮಿಯಂ ಪರೀಕ್ಷೆ ಇಂದು ವಿರಳವಾಗಿದೆ. ಆದರೆ ಅದು ಕಲಿಸಿದ ಪಾಠ ಈ ಸಣ್ಣ ಎಣಿಕೆಯಲ್ಲಿ ಉಳಿದುಕೊಂಡಿದೆ.

ನಮ್ಮಲ್ಲಿ ಜಮೆಯ ಕೊರತೆಯೇ ಹೆಚ್ಚೆಂಬುದು ನಿಜ. ಕಬ್ಬಿಣ, ಫೋಲಿಕ್ ಆಮ್ಲ, ಬಿ ೧೨ ಜೀವಸತ್ವ ಇವು ಕಾರ್ಖಾನೆಯ ಮುಖ್ಯ ಸಾಮಗ್ರಿಗಳು. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಲು ೧೯೨೮ರಲ್ಲಿ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡು ೧೯೩೧ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ದ್ರವ್ಯವೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿಯಿತು. ಇಂದು ಪ್ರತಿಯೊಬ್ಬ ಗರ್ಭಿಣಿಗೂ ಕೊಡುವ ಗುಳಿಗೆಯ ಹಿಂದೆ ಮುಂಬಯಿಯ ಆ ಕೂಲಿ ತಾಯಂದಿರಿದ್ದಾರೆ. ಆದರೆ ಖರ್ಚಿನ ದೋಷವಿರುವವನಿಗೆ ಜಮೆಯ ಔಷಧವನ್ನೇ ಸುರಿದರೆ ಫಲವಿಲ್ಲ. ಪದೇಪದೇ ರಕ್ತ ಕೊಡಿಸಿಕೊಳ್ಳುವ ಥಲಸೇಮಿಯಾದಂಥ ರೋಗಗಳಲ್ಲಿ ಮೈಯಲ್ಲಿ ಕಬ್ಬಿಣ ಮಿತಿಮೀರಿ ಕೂಡಿಕೊಂಡು ಅದೇ ವಿಷವಾಗುತ್ತದೆ. ಅಂಥವರಿಗೆ ಕಬ್ಬಿಣದ ಟಾನಿಕ್ಕು ಉಪಕಾರವಲ್ಲ, ಅಪಕಾರ.

ಸಕ್ಕರೆ ಕಾಯಿಲೆಯವರು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ೧ಸಿ ಪರೀಕ್ಷೆಯೂ ಕಣದ ಆಯುಷ್ಯದ ಮೇಲೆಯೇ ನಿಂತಿದೆ. ರಕ್ತದಲ್ಲಿ ತೇಲುವಷ್ಟು ದಿನವೂ ಕಣದ ಕೆಂಪು ದ್ರವ್ಯಕ್ಕೆ ಸಕ್ಕರೆ ಅಂಟಿಕೊಳ್ಳುತ್ತದೆ. ಆದುದರಿಂದ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಕಣಗಳು ಬೇಗ ಸಾಯುವ ರೋಗವಿದ್ದವರಲ್ಲಿ ಸಕ್ಕರೆ ಹೆಚ್ಚಿದ್ದರೂ ಈ ಅಂಕಿ ಕಡಿಮೆ ಬರಬಹುದು. ಕಬ್ಬಿಣದ ಕೊರತೆಯಲ್ಲಿ ಇಲ್ಲದ ಹೆಚ್ಚಳ ಕಾಣಿಸಬಹುದು. ಆರೋಗ್ಯವಂತರಲ್ಲಿಯೂ ಕಣದ ಆಯುಷ್ಯ ಒಬ್ಬರಿಂದೊಬ್ಬರಿಗೆ ಸ್ವಲ್ಪ ಬೇರೆ ಎಂದು ೨೦೦೮ರಲ್ಲಿ ಬಯೋಟಿನ್ ಎಂಬ ನಿರಪಾಯದ ಗುರುತನ್ನು ಹಚ್ಚಿ ನೋಡಿದವರು ಪ್ರಕಟಿಸಿದ್ದಾರೆ. ಅಂಕಿಯೊಂದನ್ನೇ ನಂಬದೆ, ತನ್ನ ರಕ್ತಹೀನತೆಯ ವಿಷಯವನ್ನು ವೈದ್ಯರಿಗೆ ಹೇಳುವುದು ಜಾಣತನ.

ರಕ್ತದಾನಕ್ಕೂ ಇದಕ್ಕೂ ಸಂಬಂಧವುಂಟು. ರಾಜ್ಯೋತ್ಸವದ ಸಮಯದಲ್ಲಿ ಅನೇಕ ಕನ್ನಡ ಸಂಘಗಳು ರಕ್ತದಾನ ಶಿಬಿರ ನಡೆಸುವುದುಂಟು. ಗಂಡಸರು ಒಮ್ಮೆ ಕೊಟ್ಟ ೯೦ ದಿನಗಳ ಮೇಲೆ, ಹೆಂಗಸರು ೧೨೦ ದಿನಗಳ ಮೇಲೆ ಮತ್ತೆ ಕೊಡಬಹುದೆಂದು ನಮ್ಮ ದೇಶದ ನಿಯಮ. ಕೊಟ್ಟ ರಕ್ತವನ್ನು, ಬೆರೆಸಿದ ದ್ರಾವಣಕ್ಕನುಸಾರವಾಗಿ, ಶೀತಲ ಪೆಟ್ಟಿಗೆಯಲ್ಲಿ ೩೫ ಅಥವಾ ೪೨ ದಿನ ಇಡುತ್ತಾರೆ. ಈ ಗಡುವು ಹೇಗೆ ಬಂತು? ರೋಗಿಗೆ ಕೊಟ್ಟ ೨೪ ಗಂಟೆಗಳ ಮೇಲೆ ನೂರಕ್ಕೆ ೭೫ ಕಣಗಳಾದರೂ ಬದುಕಿರಬೇಕೆಂಬ ನಿಯಮದಿಂದ. ಆ ೭೫ನ್ನು ಎಣಿಸಿದ್ದು ಗುರುತು ಹಚ್ಚಿದ ಕಣಗಳಿಂದ. ಆಶ್ಬಿಯವರ ಚೌಕದ ಗಾಜಿನಿಂದ ಹೊರಟ ಲೆಕ್ಕ ಇಂದು ರಕ್ತದ ಚೀಲದ ಮೇಲಿನ ಚೀಟಿಯಲ್ಲಿ ದಿನಾಂಕವಾಗಿ ಅಚ್ಚಾಗಿದೆ.

ಕೊನೆಗೊಂದು ವಿಜ್ಞಾಪನೆ. ನಮ್ಮಲ್ಲಿ ಅಕ್ಕನ ಮಗಳನ್ನೋ, ಸೋದರಮಾವನ ಮಗಳನ್ನೋ ತರುವ ವಾಡಿಕೆ ಇನ್ನೂ ಇದೆ. ಒಂದೇ ಮನೆತನದಲ್ಲಿ ಹರಿದುಬಂದ ರಕ್ತದ ಗುಣಗಳು ಅಂಥ ಮದುವೆಯಲ್ಲಿ ಜೊತೆಗೂಡುವ ಸಂಭವ ಹೆಚ್ಚು. ಜಾತಕ ನೋಡುವ ಹೊತ್ತಿಗೆ ರಕ್ತಪರೀಕ್ಷೆಯೊಂದನ್ನು ಮಾಡಿಸಿದರೆ ನಷ್ಟವೇನಿಲ್ಲ. ಊರಿನಲ್ಲಿ ಅಜ್ಜಿಗೋ ಚಿಕ್ಕಪ್ಪನಿಗೋ ಆಗಾಗ ಕಾಮಾಲೆಯಾಗುತ್ತಿತ್ತು, ಗುಲ್ಮ ಬೆಳೆದಿತ್ತು, ಎಳೆಯ ಮಕ್ಕಳು ಬಿಳುಚಿಕೊಂಡು ತೀರಿಹೋದವು ಎಂಬಂಥ ಸಂಗತಿಗಳನ್ನು ಇಲ್ಲಿಯ ವೈದ್ಯರು ತಾವಾಗಿ ತಿಳಿಯಲಾರರು, ನಾವೇ ಹೇಳಬೇಕು. ಊರಿನಿಂದ ದೂರ ಬಂದವರಿಗೆ ಊರಿನ ನೆನಪೂ ಒಂದು ಔಷಧವಾಗುವುದು ಹೀಗೆ. ಇನ್ನು ಮುಂದೆ ಯಾರಾದರೂ "ರಕ್ತ ಕಡಿಮೆಯಾಗಿದೆ" ಎಂದರೆ, ಅಂಗಡಿಯ ಟಾನಿಕ್ಕಿಗೆ ಕೈ ಹಾಕುವ ಮುನ್ನ ವೈದ್ಯರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳೋಣ: "ಜಮೆ ಕಡಿಮೆಯೋ, ಖರ್ಚು ಹೆಚ್ಚೋ?"